ಸಿಂಬಿ, ಸ್ಟಾಪ್‌ವಾಚ್ ಮತ್ತು ಬಿಜಲಿ: ನಾಯಿ ಆಟಕ್ಕ ಅಂಕ ಹಾಕೋದು ಹೆಂಗ?

ನಾನು ಕನ್ನೊಳ್ಳಿಯಿಂದ ಮಾತಾಡ್ತಿದೀನಿ. ಗೊತ್ತಿಲ್ಲದವ್ರಿಗೆ ಹೇಳ್ತೀನಿ, ನಮ್ಮದು ವಿಜಯಪುರ ಜಿಲ್ಲೆ, ಸಿಂದಗಿ ತಾಲೂಕು. ಹಿಂದೆ ಕೋಳಿ ಕೂಗಿದ್ದು ಕೇಳಿಸಿದ್ರೆ ಕ್ಷಮಿಸ್ರಿ, ಈ ಸಲ ಮನ್ಯಾಗ ಕುಂತೇ ರೆಕಾರ್ಡ್ ಮಾಡ್ತಾ ಇದೀನಿ.

ಇವತ್ತಿನ ವಿಷಯ ಕೇಳಿ ನಗಬ್ಯಾಡ್ರಿ. ನಾಯಿ ಆಟಕ್ಕೆ ಅಂಕ ಹಾಕೋದು ಹೆಂಗ ಅನ್ನೋದೇ ವಿಷಯ. ನಾಯಿ, ಎರಡು ರಿಂಗು, ಒಂದು ಗಡಿಯಾರ, ಅಷ್ಟೇ ಸಾಮಾನು. ಎಸೆದ ರಿಂಗನ್ನ ನಾಯಿ ಹಿಡಿದರೆ ಅಂಕ. ಇಷ್ಟು ಸಣ್ಣ ಆಟಕ್ಕೆ ಒಂದು ಪುಟದ ನಿಯಮ ಬರೆಯೋಕೆ ನಮಗೆ ಎರಡು ತಿಂಗಳು ಹಿಡಿದವು. ನಡುವೆ ಒಂದು ಮರಿನಾಯಿ ಕಾಲು ಉಳುಕಿಸ್ಕೊಂತು. ಅದರಲ್ಲಿ ನನ್ನ ಪಾಲೂ ಇದೆ. ಮುಂದೆ ಹೇಳ್ತೀನಿ.

ಮೊದಲು ಬಿಜಲಿ ಬಗ್ಗೆ. ಬಿಜಲಿ ನಮ್ಮ ಕಾಕಾನ ಮುಧೋಳ ನಾಯಿ. ಹೆಣ್ಣು, ಎರಡೂವರೆ ವರ್ಷ. ಉದ್ದ ಮೂತಿ, ಒಳಗೆ ಹೊಕ್ಕ ಹೊಟ್ಟೆ, ನಿಂತರೆ ನನ್ನ ತೊಡೆ ಮಟ್ಟ ಬರ್ತಾಳೆ. ಈ ತಳಿಯ ಗಂಡು 68ರಿಂದ 72 ಸೆಂಟಿಮೀಟರ್, ಹೆಣ್ಣು 64ರಿಂದ 68 ಸೆಂಟಿಮೀಟರ್ ಎತ್ತರ ಅಂತ ಪುಸ್ತಕದ ಲೆಕ್ಕ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಬೆಳೆಸಿದ ತಳಿ. 2005ರಲ್ಲಿ ಅಂಚೆ ಚೀಟಿ ಮೇಲೆ ಬಂತು, 2016ರಲ್ಲಿ ಮರಿಗಳು ಸೈನ್ಯದ ತರಬೇತಿಗೆ ಮೀರತ್‌ಗೆ ಹೋದವು, 2020ರ ಆಗಸ್ಟ್‌ನಲ್ಲಿ ಪ್ರಧಾನಿಗಳು ‘ಮನ್ ಕಿ ಬಾತ್’ನಲ್ಲಿ ಹೆಸರು ತಗೊಂಡ್ರು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಇದೆಲ್ಲಾ ನಿಮಗೆ ರೀಲ್ಸ್‌ನಲ್ಲೂ ಸಿಗುತ್ತೆ, ಹಂಗಾಗಿ ಇಲ್ಲಿಗೇ ಬಿಡ್ತೀನಿ.

ರೀಲ್ಸ್‌ನಲ್ಲಿ ಸಿಗದ ಮಾತು ಒಂದಿದೆ. ಈ ನಾಯಿ ವಾಸನೆ ಹಿಡಿದು ಹೋಗೋದಕ್ಕಿಂತ ಕಣ್ಣಿಗೆ ಬಿದ್ದದ್ದನ್ನ ಬೆನ್ನಟ್ಟೋ ನಾಯಿ. ದೂರದಲ್ಲಿ ಏನಾದ್ರೂ ಅಲ್ಲಾಡಿದ್ರೆ ಸಾಕು, ಬೆನ್ನು ಬಿಲ್ಲಿನಂಗ ಬಾಗಿಸಿ ಹೊಂಟೇ ಬಿಡುತ್ತೆ. ಆಗ ನೀವು ಕೂಗಿದ್ದು ಅದಕ್ಕೆ ಕೇಳಂಗಿಲ್ಲ. ಹಿಂಗಾಗಿ ನಮ್ಮ ಕಡೆ ಜೋಳ ಕೊಯ್ದ ಮೇಲೆ, ಎರಿ ಹೊಲ ಬಯಲಾದಾಗ, ಇಂಥ ನಾಯಿ ತಗೊಂಡು ಮೊಲದ ಹಿಂದೆ ಹೋಗೋದು ಹಳೇ ಚಟ. ಕಾಕಾಗೂ ಇತ್ತು.

ಹೋದ ವರ್ಷದ ಮಾತು. ಮೊಲ ಮುಳ್ಳುತಂತಿ ಬೇಲಿಯ ಕೆಳಗೆ ನುಸುಳಿತು. ಬಿಜಲಿ ನುಸುಳಲಿಲ್ಲ. ಆ ಓಟದಲ್ಲಿ ಅವಳಿಗೆ ತಂತಿ ಕಾಣೋದಾದ್ರೂ ಹೆಂಗ? ಎದೆಯಿಂದ ಭುಜದ ತನಕ ಚರ್ಮ ಹರಿದು ಜೋತಿತ್ತು. ಕಾಕಾ ತನ್ನ ಟವೆಲ್ ಸುತ್ತಿ, ಮೋಟಾರ್‌ಸೈಕಲ್ ಮೇಲೆ ನನ್ನನ್ನ ಹಿಂದೆ ಕೂಡಿಸಿ, ಬಿಜಲಿಯನ್ನ ನನ್ನ ತೊಡೆ ಮೇಲೆ ಹಾಕಿ ಸಿಂದಗಿಗೆ ಒಯ್ದ. ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. ಹೊಲಿಗೆ ಹಾಕಿಸ್ಕೊಂಡು ಬಂದ ಮೇಲೆ ನಾನು ಫೋನಿನಲ್ಲಿ ಕಾಯ್ದೆ ತೆಗೆದು ಓದಿ ಹೇಳ್ದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಅಂದ್ರೆ ಕೊಲ್ಲೋದಷ್ಟೇ ಅಲ್ಲ. ಹಿಡಿಯೋದು, ಅಟ್ಟೋದು, ನಾಯಿ ಬಿಟ್ಟು ಬೆನ್ನಟ್ಟಿಸೋದು, ಅಂಥ ಪ್ರಯತ್ನ ಮಾಡೋದು ಎಲ್ಲಾ ಬೇಟೆನೇ. ಮೊಲ ಸಿಗಲಿಲ್ಲ ಅಂದ್ರೂ ಅಪರಾಧ ಅಪರಾಧವೇ.

ಕಾಕಾ ಅಂದ: “ಆತಪಾ, ನಾ ಇನ್ನ ಹೋಗಂಗಿಲ್ಲ. ಆದ್ರ ಇಕಿನ್ನ ಕಟ್ಟಿ ಹಾಕಿದ್ರ ಇಕಿ ಹುಚ್ಚಾಗ್ತಾಳ. ಓಡೂದೊಂದ ಗೊತ್ತದ ಇಕಿಗೆ. ಏನ್ ಓಡಸ್ಲಿ?”

ನನ್ನ ಹತ್ರ ಉತ್ತರ ಇರಲಿಲ್ಲ. ಬಿ.ಕಾಂ. ಓದಿದವ ನಾನು. ನಾಯಿ ಬಗ್ಗೆ ನನಗೇನು ಗೊತ್ತು? ಆದ್ರೆ ಹುಡುಕೋದು ಗೊತ್ತಿತ್ತು.

ಹುಡುಕಿದಾಗ ಮೊದಲು ಸಿಕ್ಕಿದ್ದು ಅಮೆರಿಕದ ಒಂದು ಲೆಕ್ಕ. ಕ್ಯಾಲಿಫೋರ್ನಿಯಾದಲ್ಲೂ ಒಂದು ಕಾಲಕ್ಕೆ ಇದೇ ಕಥೆ. ಬಯಲಲ್ಲಿ ಮೊಲದ ಹಿಂದೆ ನಾಯಿ ಬಿಡೋದು, ನಾಯಿ ಬೇಲಿಗೆ ಸಿಕ್ಕು ಗಾಯ ಮಾಡ್ಕೊಳ್ಳೋದು. ಅಲ್ಲಿನ ಕೆಲವರು ಮೊಲದ ಬದಲಿಗೆ ಬಿಳೀ ಪ್ಲಾಸ್ಟಿಕ್ ಚೀಲವನ್ನ ದಾರಕ್ಕೆ ಕಟ್ಟಿ, ಮಷೀನಿನಿಂದ ಹೊಲದ ತುಂಬ ಎಳೆದಾಡಿಸಿ ನಾಯಿ ಓಡಿಸೋಕೆ ಶುರು ಮಾಡಿದ್ರು. ಅವರ ಸಂಘ ಹುಟ್ಟಿದ್ದು 1972ರಲ್ಲಿ. ನಮ್ಮಲ್ಲಿ ಕಾಯ್ದೆ ಬಂದದ್ದೂ ಅದೇ ವರ್ಷ. ಒಂದಕ್ಕೊಂದು ಸಂಬಂಧ ಇಲ್ಲ ಬಿಡ್ರಿ, ಆದ್ರೂ ಓದಿದಾಗ ಮಜಾ ಅನಿಸ್ತು. ಅಂಕ ಹಾಕೋ ರೀತಿ ನೋಡ್ರಿ: ಒಟ್ಟು 100. ಹುರುಪಿಗೆ 15, ಗುರಿ ಬಿಡದೆ ಹಿಂಬಾಲಿಸೋದಕ್ಕೆ 15, ವೇಗಕ್ಕೆ 25, ತಿರುವಿನಲ್ಲಿ ಮೈ ಹೊರಳಿಸೋದಕ್ಕೆ 25, ದಮ್ಮಿಗೆ 20. ಕಾಕಾಗೆ ಓದಿ ಹೇಳ್ದೆ. ಬಹಳ ಖುಷಿಯಾದ. “ವೇಗಕ್ಕ ಬರೇ ಇಪ್ಪತ್ತೈದಾ? ಛಲೋ ಮಂದಿ ಅದಾರ. ನಮ್ಮ ಜಾತ್ರಿ ರೇಸಿನ್ಯಾಗ ಮೊದ್ಲ ಮುಟ್ಟಿದ್ದ ನಾಯಿ ಗೆದ್ದಂಗ, ಉಳಿದದ್ದಕ್ಕ ಲೆಕ್ಕನ ಇಲ್ಲ.”

ಆದ್ರೆ ಮಷೀನು, ರಾಟೆ, ನೂರಾರು ಮೀಟರ್ ದಾರ ನಮಗೆಲ್ಲಿಂದ ಬರಬೇಕು? ಎಲ್ಲಾ ಕೈ ಮೀರಿದ ಸಾಮಾನು. ಮುಂದೆ ಹುಡುಕಿದಾಗ ಸಿಕ್ಕಿದ್ದು ರಿಂಗಿನ ಆಟ.

ಉಕ್ರೇನಿನ ಚೆರ್ನಿಹಿವ್ ಅನ್ನೋ ಊರಲ್ಲಿ ಕಾಲರ್ ಅಂತ ಒಂದು ಕಂಪನಿ, ನಾಯಿಗಳ ಸಾಮಾನು ಮಾಡೋರು. ಅವರ ‘ಪುಲ್ಲರ್’ ಅನ್ನೋ ರಿಂಗು ಬಹಳ ಹೆಸರಾಗಿದೆ. ನೇರಳೆ ಬಣ್ಣದ ಹಗುರ ಬಳೆ ಅಂತ ತಿಳ್ಕೊಳ್ರಿ. ನೀರಿನ ಮೇಲೆ ತೇಲುತ್ತೆ, ನಾಯಿ ಹಲ್ಲು ಊರಿದ್ರೆ ಹಲ್ಲಿಗೆ ಪೆಟ್ಟಾಗಂಗಿಲ್ಲ. ಸಾಮಾನ್ಯವಾಗಿ ಜೋಡಿಯಾಗೇ ಮಾರ್ತಾರೆ. ಅದರ ಮೇಲೆ ‘ಡಾಗ್ ಪುಲ್ಲರ್’ ಅಂತ ಒಂದು ಸ್ಪರ್ಧೆನೇ ಬೆಳೆದಿದೆ. ಓಟ ಒಂದು, ಜಿಗಿತ ಒಂದು. ಗಾತ್ರ ನೋಡಿ ನಾಯಿಗಳನ್ನ ಬೇರೆ ಬೇರೆ ವರ್ಗ ಮಾಡ್ತಾರೆ. ಗೊತ್ತು ಮಾಡಿದ ಸಮಯದೊಳಗೆ ನಾಯಿ ಎಷ್ಟು ಸಲ ಸರಿಯಾಗಿ ರಿಂಗು ಹಿಡೀತು ಅನ್ನೋದೇ ಲೆಕ್ಕದ ತಿರುಳು.

ಎರಡು ರಿಂಗು ಯಾಕೆ ಅನ್ನೋದ್ರಲ್ಲೇ ಈ ಆಟದ ಜಾಣತನ ಇದೆ, ಕೇಳ್ರಿ. ಒಂದೇ ರಿಂಗು ಇದ್ರೆ ಏನಾಗುತ್ತೆ? ನಾಯಿ ಹಿಡೀತದೆ, ಬಿಡಂಗಿಲ್ಲ. ನೀವು ಜಗ್ತೀರಿ, ಅದೂ ಜಗ್ತದೆ. ಆಟ ಹೋಗಿ ಜಗಳ ಆಗುತ್ತೆ. ಎರಡನೇದು ನಿಮ್ಮ ಕೈಯಾಗ ಇದ್ರೆ ಅದನ್ನ ಅಲ್ಲಾಡಿಸ್ರಿ, ಇಲ್ಲಾ ಎದುರು ದಿಕ್ಕಿಗೆ ಉರುಳಿಸ್ರಿ. ಬಾಯಾಗಿನದು ಸತ್ತ ರಿಂಗು, ಓಡ್ತಾ ಇರೋದು ಜೀವಂತ ರಿಂಗು. ನಾಯಿ ತಾನಾಗೇ ಬಾಯಿ ಬಿಟ್ಟು ಅದರ ಹಿಂದೆ ಹೋಗುತ್ತೆ. ಕಸಿದುಕೊಳ್ಳೋ ಮಾತೇ ಇಲ್ಲ.

ಆ ರಿಂಗು ತರಿಸೋಣ ಅಂದ್ರೆ ರೇಟು ನೋಡಿ ಸುಮ್ಮನಾದ್ವಿ. ಗೆಳೆಯ ಒಬ್ಬ ಸೈಕಲ್ ಟಾಯರ್ ತಂದ. ಅದು ಬ್ಯಾಡ ಅಂತ ಆತು, ಟಾಯರ್ ಅಂಚಿನೊಳಗೆ ತಂತಿ ಇರುತ್ತೆ, ನಾಯಿ ಕಡಿದು ಕಡಿದು ಅದು ಹೊರಗೆ ಬಂದ್ರೆ ಬಾಯಿ ಹರೀತದೆ. ಪ್ಲಾಸ್ಟಿಕ್ ಪೈಪು ಬಗ್ಗಿಸಿ ನೋಡಿದ್ವಿ, ಬಿರುಕು ಬಿಟ್ಟು ಚೂಪಾಯ್ತು. ಕಟ್ಟೆ ಮೇಲೆ ಕುಂತು ನೋಡ್ತಿದ್ದ ನಮ್ಮ ಆಯಿ ಕೇಳಿದ್ಲು, “ಸಿಂಬಿ ನಡಿಯಂಗಿಲ್ಲೇನೋ?”

ಸಿಂಬಿ! ತಲೆ ಮೇಲೆ ಕೊಡ ಹೊರೋಕೆ ಬಟ್ಟೆ ಸುತ್ತಿ ಮಾಡ್ತಾರಲ್ಲ, ಅದು. ಆಯಿ ಹಳೇ ಇಳಕಲ್ ಸೀರೆ ಹರಿದು, ಬಿಗಿಯಾಗಿ ಸುತ್ತಿ, ಮೇಲೆ ದಪ್ಪ ಕಾಟನ್ ಪಟ್ಟಿ ಹೊಲಿದು, ದೊಡ್ಡ ಸಿಂಬಿ ಎರಡು ಮಾಡಿ ಕೊಟ್ಲು. ಒಂದು ಗೇಣಿಗಿಂತ ಸ್ವಲ್ಪ ಅಗಲ. ಮೆತ್ತಗೆ, ಆದ್ರೂ ಉರುಳುತ್ತೆ. ಒಂದೇ ಅಂಜಿಕೆ, ದಾರ ಎದ್ದು ನಾಯಿ ನುಂಗಿಬಿಟ್ರೆ ಕರುಳಿಗೆ ಸುತ್ತಿಕೊಳ್ಳುತ್ತೆ. ಅದಕ್ಕೇ ನಮ್ಮ ನಿಯಮದ ಮೊದಲ ಸಾಲು ಇದು: ಪ್ರತಿ ಪಾಳಿಗೂ ಮುಂಚೆ ಸಿಂಬಿ ಕೈಯಾಗ ಹಿಡಿದು ತಿರುಗಿಸಿ ನೋಡಬೇಕು, ಎಳೆ ಎದ್ದಿದ್ರೆ ಅದು ಆಟದಿಂದ ಹೊರಗೆ.

ಇನ್ನು ಅಂಕ. ಇಲ್ಲಿಂದ ನನ್ನ ಏರಿಯಾ ಅಂದ್ಕೊಂಡಿದ್ದೆ. ಲೆಕ್ಕ ಅಲ್ವಾ!

ಮೊದಲ ಸಲ ಫೆಬ್ರವರಿಯಲ್ಲಿ, ಕೊಯ್ದ ಹೊಲದಲ್ಲಿ ಒಂಬತ್ತು ನಾಯಿ ಸೇರಿದವು. ನಾಲ್ಕು ಮುಧೋಳ, ಎರಡು ಮಿಶ್ರ ತಳಿ, ಒಂದು ಲ್ಯಾಬ್ರಡಾರ್, ಎರಡು ಬೀದಿ ನಾಯಿ. ನಿಯಮ ಸರಳ ಇಟ್ಟಿದ್ದೆ. ಎರಡು ನಿಮಿಷ ಸಮಯ. ಹಿಡಿದ್ರೆ 1 ಅಂಕ, ತಂದು ಗೆರೆ ದಾಟಿಸಿದ್ರೆ ಇನ್ನೊಂದು ಅಂಕ.

ಗ್ಯಾರೇಜ್ ಹುಡುಗನ ಬೀದಿ ನಾಯಿ ಕರಿಯ 11 ಸಲ ಹಿಡಿದು, 10 ಸಲ ತಂದ. 21 ಅಂಕ. ಬಿಜಲಿ 5 ಸಲ ಹಿಡಿದ್ಲು. ಒಂದು ಸಲನೂ ತರಲಿಲ್ಲ. ಹಿಡಿದಲ್ಲೇ ರಾಣಿ ಹಂಗ ನಿಂತು ನಮ್ಮ ಕಡೆ ನೋಡ್ತಿದ್ಲು. ಬಂದು ಒಯ್ರಿ ಬೇಕಾದ್ರ, ಅನ್ನೋ ನೋಟ. 5 ಅಂಕ. ಉಳಿದ ಮುಧೋಳಗಳದ್ದೂ ಅದೇ ಹಾಡು.

ಕಾಕಾಗೆ ಸಿಟ್ಟು ಬಂತು. ಆತ ಸೋತದ್ದಕ್ಕೆ ಸಿಟ್ಟಾದ ಅಂತ ಮೊದಲು ಅನಿಸ್ತು. ಆದ್ರೆ ಆತ ಹೇಳಿದ್ದು ಕೇಳ್ರಿ. “ಕರಿಯಾ ಶ್ಯಾಣೆ ನಾಯಿ, ಗೆಲ್ಲಲಿ, ನನಗೇನೂ ಇಲ್ಲ. ಆದ್ರ ನೀ ಓಟಕ್ಕ ಅಂಕ ಕೊಟ್ಟಿಯೋ, ಪೋಸ್ಟ್‌ಮನ್ ಕೆಲಸಕ್ಕ ಕೊಟ್ಟಿಯೋ?”

ಮಾತು ಖರೇನೇ ಇತ್ತು. ಲ್ಯಾಬ್ರಡಾರ್‌ನಂಥ ನಾಯಿಯನ್ನ ತಲೆತಲಾಂತರದಿಂದ ಬೆಳೆಸಿದ್ದೇ ಬಿದ್ದದ್ದನ್ನ ತಂದುಕೊಡಲಿ ಅಂತ. ಕಣ್ಣಿನಿಂದ ಬೆನ್ನಟ್ಟೋ ನಾಯಿಯನ್ನ ಬೆಳೆಸಿದ್ದು ಹಿಡಿಯಲಿ ಅಂತ ಮಾತ್ರ. ನನ್ನ ನಿಯಮದಲ್ಲಿ ಅರ್ಧ ಅಂಕ, ಮೇಲೆ ಅರ್ಧಕ್ಕಿಂತ ಹೆಚ್ಚು ಸಮಯ, ತರೋ ಕೆಲಸಕ್ಕೇ ಹೋಗ್ತಿತ್ತು. ನಾನು ಆಟ ಒಂದು, ಅಳತೆ ಒಂದು ಇಟ್ಟಿದ್ದೆ.

ಸರಿ, ಎರಡನೇ ಆವೃತ್ತಿ. ಈ ಸಲ ತಟ್ಟೆ ಆಟದಿಂದ ಕದ್ದೆ. ಫ್ರಿಸ್ಬಿ ಅಂತೀವಲ್ಲ, ಆ ತಟ್ಟೆ. ಅದರದೊಂದು ಕಥೆ ಹೇಳ್ಲೇಬೇಕು. 1974ರ ಆಗಸ್ಟ್ 5, ಲಾಸ್ ಏಂಜಲೀಸ್‌ನ ಡಾಡ್ಜರ್ ಸ್ಟೇಡಿಯಂ. ಬೇಸ್‌ಬಾಲ್ ಮ್ಯಾಚ್ ಟಿವಿಯಲ್ಲಿ ನೇರ ಪ್ರಸಾರ ಆಗ್ತಿದೆ. ಅಲೆಕ್ಸ್ ಸ್ಟೀನ್ ಅಂತ ಕಾಲೇಜು ಹುಡುಗ ತನ್ನ ನಾಯಿ ಜೊತೆ ಬೇಲಿ ಹಾರಿ ಮೈದಾನಕ್ಕೆ ಇಳಿದ, ತಟ್ಟೆ ಎಸೆಯೋಕೆ ಶುರು ಮಾಡಿದ. ನಾಯಿ ಗಾಳಿಯಲ್ಲಿ ಹಾರಿ ಹಾರಿ ಹಿಡೀತು. ಆಟ ನಿಂತು ಎಲ್ಲರೂ ಅದನ್ನೇ ನೋಡಿದ್ರು. ಆಮ್ಯಾಲ ಪೊಲೀಸರು ಹುಡುಗನನ್ನ ಹಿಡ್ಕೊಂಡು ಹೋದ್ರು. ಮರು ವರ್ಷವೇ ತಟ್ಟೆ ಹಿಡಿಯೋ ನಾಯಿಗಳ ವಿಶ್ವ ಸ್ಪರ್ಧೆ ಶುರುವಾಯ್ತು, ಮೊದಲ ಮೂರೂ ಸಲ ಇದೇ ನಾಯಿ ಗೆದ್ದಿತು. ಹೆಸರು ಆಶ್ಲಿ ವಿಪೆಟ್. ವಿಪೆಟ್ ಅಂದ್ರೆ ಬಿಜಲಿ ಥರದ್ದೇ, ತೆಳ್ಳಗಿನ, ಕಣ್ಣಿನಿಂದ ಬೆನ್ನಟ್ಟೋ ತಳಿ. ಕಾಕಾಗೆ ವಿಡಿಯೋ ತೋರಿಸಿದೆ, ಮೂರು ಸಲ ನೋಡಿದ.

ಆ ತಟ್ಟೆ ಆಟದ ಕೆಲವು ಸ್ಪರ್ಧೆಗಳಲ್ಲಿ ಒಂದು ಪಾಳಿಗೆ 60 ಸೆಕೆಂಡ್. ದೂರಕ್ಕೆ ತಕ್ಕಂಗ ಅಂಕ. ಹಿಡಿಯೋವಾಗ ನಾಲ್ಕೂ ಕಾಲು ನೆಲ ಬಿಟ್ಟಿದ್ರೆ ಅರ್ಧ ಅಂಕ ಹೆಚ್ಚು. ನಾನೂ ಹಂಗೇ ಬರೆದೆ. ಸುಣ್ಣದ ಪುಡಿಯಿಂದ ಮೂರು ಗೆರೆ ಎಳೆದ್ವಿ. 10 ಹೆಜ್ಜೆ ದಾಟಿ ಹಿಡಿದ್ರೆ 1, 20 ದಾಟಿದ್ರೆ 2, 30 ದಾಟಿದ್ರೆ 3. ಗಾಳಿಯಲ್ಲಿ ಹಿಡಿದ್ರೆ ಮೇಲೆ ಅರ್ಧ. ತಂದುಕೊಡೋದಕ್ಕೆ ಅಂಕ ಇಲ್ಲ.

ಈ ಸಲ ಬಿಜಲಿ 30 ಹೆಜ್ಜೆ ಆಚೆ ಎರಡು, 20ರ ಆಚೆ ಒಂದು, ಅದ್ರಲ್ಲಿ ಎರಡು ಗಾಳಿಯಲ್ಲಿ. ಲೆಕ್ಕ ಹಾಕ್ರಿ: 6, 2, 1. ಒಟ್ಟು 9. ಕರಿಯ 10ರ ಆಚೆ ಆರು, 20ರ ಆಚೆ ಒಂದು, ಒಟ್ಟು 8. ಒಂದು ಅಂಕದ ಫರಕು. ಮಂದಿ ಕೂಗಿದ್ದೇ ಕೂಗಿದ್ದು. ನನಗೆ ನನ್ನ ಮೇಲೆ ಬಹಳ ಅಭಿಮಾನ ಬಂತು, ಸುಳ್ಳು ಯಾಕೆ ಹೇಳ್ಲಿ.

ಕೊನೆಗೆ ಬಂದದ್ದು ಒಂಬತ್ತು ತಿಂಗಳ ಮರಿ. ಅದರ ಮಾಲೀಕ ನನ್ನ ಜೊತೆ ಹೈಸ್ಕೂಲ್ ಓದಿದವ. ಆತ ಲೆಕ್ಕ ಮಾಡಿದ್ದ. ಮರಿ ದೂರ ಓಡೋದು ಕಷ್ಟ, ಹತ್ತಿರದಲ್ಲೇ ಎತ್ತರಕ್ಕೆ ಎಸೆದ್ರೆ ಪ್ರತಿ ಸಲ ಒಂದೂವರೆ ಬರುತ್ತೆ. ಮೂರು ಸಲ ಬಂತು. ನಾಲ್ಕನೇ ಸಲ ಸಿಂಬಿ ತಲೆ ಹಿಂದೆ ಹೋಯ್ತು. ಮರಿ ಗಾಳಿಯಲ್ಲೇ ಬೆನ್ನು ತಿರುಚಿ, ಹಿಂಗಾಲು ಎರಡರ ಮೇಲೇ ಬಿತ್ತು. ಆ ಕೂಗು ಇವತ್ತಿಗೂ ನನ್ನ ರೆಕಾರ್ಡಿಂಗ್‌ನಲ್ಲಿದೆ, ಈ ಎಪಿಸೋಡಿಗೆ ಹಾಕಿಲ್ಲ.

ಎಲುಬು ಮುರಿದಿರಲಿಲ್ಲ. ಎರಡು ವಾರ ಕುಂಟಿತು. ಡಾಕ್ಟರ್ ಹೇಳಿದ್ದು: ದೊಡ್ಡ ತಳಿಯ ನಾಯಿಗೆ ಎಲುಬಿನ ತುದಿ ಗಟ್ಟಿಯಾಗೋಕೆ ವರ್ಷ, ವರ್ಷದ ಮೇಲೆ ಬೇಕು, ಅಲ್ಲಿತನಕ ಮತ್ತೆ ಮತ್ತೆ ಎತ್ತರ ಜಿಗಿಸಬಾರದು. ಗೆಳೆಯ ನನಗೆ ಏನೂ ಅನ್ನಲಿಲ್ಲ. ಅಂದಿದ್ರೆ ಛಲೋ ಇತ್ತು. ಯಾಕಂದ್ರೆ ಆತ ತಪ್ಪು ಮಾಡಿರಲಿಲ್ಲ. ನನ್ನ ಕಾಗದದಲ್ಲಿ ಎತ್ತರಕ್ಕೆ ಅರ್ಧ ಅಂಕ ಅಂತ ಬರೆದಿತ್ತು, ಆತ ಆ ಅರ್ಧ ಅಂಕದ ಹಿಂದೆ ಹೋದ. ಮರಿ ಆತನ ಹಿಂದೆ ಹೋಯ್ತು. ಬರೆದವ ನಾನು.

ಕಾಮರ್ಸ್ ಓದಿದವ್ರಿಗೆ ಇದು ಹೊಸದಲ್ಲ ನೋಡ್ರಿ. ಸೇಲ್ಸ್ ಹುಡುಗನಿಗೆ ‘ತಿಂಗಳಿಗೆ ಇಷ್ಟು ಪಾಲಿಸಿ ಮಾಡಿದ್ರೆ ಇಷ್ಟು ಕಮಿಷನ್’ ಅಂದ್ರೆ ಆತ ಪಾಲಿಸಿ ಮಾಡ್ತಾನೆ, ಯಾರಿಗೆ ಮಾಡಿದ ಅಂತ ನೋಡಂಗಿಲ್ಲ. ನಾನೂ ಒಂದು ವರ್ಷ ಅಂಥ ಕೆಲಸ ಮಾಡಿ ಬಿಟ್ಟು ಬಂದವ. ಆದ್ರೂ ನಾಯಿ ಆಟದಲ್ಲಿ ಅದೇ ಮಾಡಿದೆ.

ಹಂಗಾಗಿ ಮೂರನೇ ಆವೃತ್ತಿ. ಈ ಸಲ ಒಬ್ಬನೇ ಬರೀಲಿಲ್ಲ. ಕಾಕಾ, ಗ್ಯಾರೇಜ್ ಹುಡುಗ, ಮರಿ ಗೆಳೆಯ, ನಾನು, ನಡು ನಡುವೆ ಆಯಿ. ನಾಲ್ಕು ಸಂಜೆ ಕುಂತ್ವಿ. ಈಗ ಹೇಳ್ತಿರೋದು ಈಗಿನ ನಿಯಮ. ಬೇಕಾದ್ರೆ ನಿಲ್ಲಿಸಿ ಬರ್ಕೊಳ್ರಿ.

ನಾಯಿಗೆ ಒಂದೂವರೆ ವರ್ಷ ತುಂಬಿರಬೇಕು. ರೇಬೀಸ್ ಲಸಿಕೆಯ ಚೀಟಿ ತೋರಿಸಬೇಕು, ಬೀದಿ ನಾಯಿಯಾದ್ರೂ ಸರಿ, ಸಾಕಿದವರು ಹಾಕಿಸಿ ತರಬೇಕು. ಬೆಳಗ್ಗೆ ಎಂಟೂವರೆ ಆಯ್ತು ಅಂದ್ರೆ ಆಟ ಬಂದ್, ಎಷ್ಟು ನಾಯಿ ಉಳಿದಿದ್ರೂ. ನಾಯಿಗೆ ನಮ್ಮಂಗ ಮೈಯೆಲ್ಲಾ ಬೆವರಂಗಿಲ್ಲ, ನಾಲಿಗೆ ಹೊರಗೆ ಹಾಕಿ ಏದುಸಿರಿನಲ್ಲೇ ಶಾಖ ಕಳೀಬೇಕು. ನಮ್ಮ ಜಿಲ್ಲೆಯ ಬಿಸಿಲು ನಿಮಗೆ ಗೊತ್ತೇ ಇದೆ.

ಆಡಿಸುವವ ಬರಿಗಾಲಲ್ಲಿ ಆಡಿಸಬೇಕು. ಇದು ಆಯಿ ಹಾಕಿದ ನಿಯಮ. ಕೊಯ್ದ ಹೊಲದಲ್ಲಿ ಜೋಳದ ಕೂಳೆ ಚೂಪಾಗಿ ನಿಂತಿರುತ್ತೆ, ಎರಿ ಮಣ್ಣು ಒಣಗಿ ಬಿರುಕು ಬಿಟ್ಟಿರುತ್ತೆ. ಬೂಟು ಹಾಕ್ಕೊಂಡವನಿಗೆ ಅದು ತಿಳಿಯಂಗಿಲ್ಲ. “ನಿನ್ನ ಕಾಲಿಗೆ ಚುಚ್ಚಿದ್ರ ಅದರ ಕಾಲಿಗೂ ಚುಚ್ಚತೈತಿ” ಅಂದ್ಲು. ಮೊದಲನೇ ದಿನ ಎಲ್ಲಾರೂ ಕೂಡಿ ಅರ್ಧ ತಾಸು ಕೂಳೆ ಕಿತ್ತೇ ಕಿತ್ವಿ, ಮೊದಲೆಂದೂ ಯಾರೂ ಕಿತ್ತಿರಲಿಲ್ಲ.

ಸಿಂಬಿಯನ್ನ ಉರುಳಿಸಬೇಕು, ಇಲ್ಲಾ ಆಡಿಸುವವನ ಸೊಂಟಕ್ಕಿಂತ ಕೆಳಗೆ ಹೋಗೋ ಹಂಗ ಎಸೀಬೇಕು. ಮೇಲೆ ಹೋದ ಎಸೆತಕ್ಕೆ ನಾಯಿ ಹಿಡಿದ್ರೂ ಸೊನ್ನೆ. ಅರ್ಧ ಅಂಕ ರದ್ದು. ಉರುಳೋ ಸಿಂಬಿ ನೋಡೋಕೆ ಮೊಲ ಓಡಿದಂಗೇ ಇರುತ್ತೆ, ಪುಟಿದು ದಿಕ್ಕು ಬದಲಿಸುತ್ತೆ. ಬಿಜಲಿಗೆ ಇದೇ ಹೆಚ್ಚು ಇಷ್ಟ ಅಂತ ಆಮ್ಯಾಲ ಗೊತ್ತಾಯ್ತು.

ದೂರದ ಅಂಕ ಹಂಗೇ ಉಳಿಸಿದ್ವಿ, 1, 2, 3. ಗೆರೆ ನೋಡಬೇಕಾದ್ದು ಹಿಡಿದ ಕ್ಷಣದಲ್ಲಿ ಸಿಂಬಿ ಎಲ್ಲಿತ್ತು ಅಂತ, ನಾಯಿಯ ಕಾಲು ಎಲ್ಲಿತ್ತು ಅಂತ ಅಲ್ಲ. ‘ಹಿಡಿತ’ ಅಂದ್ರೇನು ಅನ್ನೋದಕ್ಕೆ ಒಂದು ಇಡೀ ಸಂಜೆ ಜಗಳ ಆಯ್ತು. ಬಾಯಿ ತಾಗಿದ್ರೆ ಸಾಕೋ, ಕಾಲಲ್ಲಿ ಒತ್ತಿ ಹಿಡಿದ್ರೆ ನಡೀತದೋ? ಕೊನೆಗೆ ಹಿಂಗಾಯ್ತು: ಬಾಯಿಂದ ಹಿಡಿದು, ಸಿಂಬಿ ಪೂರ್ತಿ ನೆಲ ಬಿಟ್ಟು ಮೇಲೆ ಬರಬೇಕು. ಒಂದು ಬೆರಳು ಮೇಲೆ ಬಂದ್ರೂ ಸಾಕು. ಕಾಲಿನ ಹಿಡಿತಕ್ಕೆ ಅಂಕ ಇಲ್ಲ. ಕರಿಯ ಕಾಲಲ್ಲಿ ಒತ್ತೋದ್ರಲ್ಲಿ ಎಕ್ಸ್‌ಪರ್ಟ್, ಗ್ಯಾರೇಜ್ ಹುಡುಗ ಇವತ್ತಿಗೂ ಇದನ್ನ ಒಪ್ಪಿಲ್ಲ.

ತಂದುಕೊಡೋ ಪ್ರಶ್ನೆ ಉಳಿದಿತ್ತಲ್ಲ? ಬಿಜಲಿ ಹಿಡಿದಲ್ಲೇ ನಿಂತ್ರೆ ಗಡಿಯಾರ ಓಡ್ತಾ ಇರುತ್ತೆ. ಇದಕ್ಕೆ ಕಾಕಾನೇ ದಾರಿ ಹುಡುಕಿದ. ನಾಯಿ ಬರದಿದ್ರೆ ಮನುಷ್ಯ ಹೋಗಲಿ! ಅಂದ್ರೆ ನಾಯಿ ಹಿಡಿದ ಕೂಡಲೇ ಆಡಿಸುವವ ಎರಡನೇ ಸಿಂಬಿ ಹಿಡ್ಕೊಂಡು ನಾಯಿ ಇದ್ದಲ್ಲಿಗೆ ಓಡಬಹುದು, ಅಲ್ಲಿಂದಲೇ ಎದುರು ದಿಕ್ಕಿಗೆ ಉರುಳಿಸಬಹುದು. ದೂರ ಅಳೆಯೋದು ಯಾವ ಕಡೆಯ ಆರಂಭದ ಗೆರೆ ಹತ್ತಿರವೋ ಅಲ್ಲಿಂದ. ಹಿಂಗಾಗಿ ಹೊಲದ ಎರಡೂ ತುದಿಗೆ ಗೆರೆ ಹಾಕಬೇಕಾಯ್ತು. ಪರಿಣಾಮ ಏನು ಅಂದ್ರೆ, 60 ಸೆಕೆಂಡಿನಲ್ಲಿ ನಾಯಿಗಿಂತ ಹೆಚ್ಚು ಏದುಸಿರು ಬಿಡೋದು ಮಾಲೀಕ. ಧೋತರ ಎತ್ತಿ ಕಟ್ಟಿ ಕಾಕಾ ಓಡೋದನ್ನ ನೋಡೋಕೇ ಅರ್ಧ ಊರು ಬರುತ್ತೆ.

ಕಡಿತದ ಅಂಕ ಎರಡೇ. ಬಾಯಿಂದ ಸಿಂಬಿ ಜಗ್ಗಿ ಕಸಿದ್ರೆ 2 ಕಡಿತ. ನಾಯಿಗೆ ಕೈ ಎತ್ತಿದ್ರೆ ಕಡಿತ ಇಲ್ಲ, ಮನೆಗೆ ಹೋಗಬೇಕು.

ಇನ್ನೊಂದು ನಿಯಮ ಬಗ್ಗೆ ನನಗೆ ಬಹಳ ಹೆಮ್ಮೆ, ಅದ್ರಲ್ಲೇ ಬಹಳ ಪೆಟ್ಟೂ ತಿಂದೆ. ನಾಯಿ ದಣಿದಿದ್ದು ಕಂಡು ಮಾಲೀಕ ತಾನೇ ಸಮಯಕ್ಕೂ ಮುಂಚೆ ಆಟ ನಿಲ್ಲಿಸಿದ್ರೆ 1 ಅಂಕ ಹೆಚ್ಚು. ಯಾಕಂದ್ರೆ ಈ ಜಾತಿಯ ನಾಯಿ ತಾನಾಗಿ ನಿಲ್ಲಂಗಿಲ್ಲ, ಎದುರಿಗೆ ಏನಾದ್ರೂ ಓಡೋ ತನಕ ಓಡುತ್ತೆ. ನಿಲ್ಲಿಸಬೇಕಾದ್ದು ನಾವು. ನಾಲಿಗೆ ಅಗಲ ಆಗಿ ತುದಿ ಮೇಲಕ್ಕೆ ಮಡಚಿದಂಗ ಕಂಡ್ರೆ, ತಿರುವಿನಲ್ಲಿ ಕಾಲು ತಡವರಿಸಿದ್ರೆ ಸಾಕು ಅಂತ ಅರ್ಥ. ಕಾಗದದ ಮೇಲೆ ಛಲೋ ಕಾಣ್ತಿತ್ತು. ಮೊದಲ ದಿನವೇ ಒಬ್ಬ ಪುಣ್ಯಾತ್ಮ ಏನ್ ಮಾಡಿದ ಗೊತ್ತಾ? ದೂರಕ್ಕೆ ಒಂದು ಸಲ ಉರುಳಿಸಿದ, ನಾಯಿ ಹಿಡೀತು, 3 ಅಂಕ. ಎಂಟನೇ ಸೆಕೆಂಡಿಗೇ ಕೈ ಎತ್ತಿದ. “ನನ್ನ ನಾಯಿ ದಣಿದೈತ್ರಿ, ಒಂದ್ ಅಂಕ ಕೊಡ್ರಿ.” ಮಂದಿ ಬಿದ್ದು ಬಿದ್ದು ನಕ್ಕರು. ಇನ್‌ಕಮ್ ಟ್ಯಾಕ್ಸ್‌ನಲ್ಲಿ ಸಂದು ಹುಡುಕೋ ಕ್ಲೈಂಟ್ ನೆನಪಾದ್ರು ನನಗೆ. ಈಗ 40 ಸೆಕೆಂಡ್ ದಾಟಿದ ಮೇಲೆ ನಿಲ್ಲಿಸಿದ್ರೆ ಮಾತ್ರ ಆ ಅಂಕ. ಅದಕ್ಕೂ ಮೊದಲು ನಿಲ್ಲಿಸಿದ್ರೆ ಗಳಿಸಿದ್ದು ಉಳಿಯುತ್ತೆ, ಹೆಚ್ಚಿನದು ಸಿಗಂಗಿಲ್ಲ.

ಅಂಕ ಬರೆಯೋರು ಇಬ್ಬರು. ಒಬ್ಬರದು ಒಬ್ಬರು ನೋಡಂಗಿಲ್ಲ. ನಾಲ್ಕು ಗೀಟು, ಐದನೇದು ಅಡ್ಡ, ದಲಾಲಿ ಅಂಗಡಿಯಲ್ಲಿ ಚೀಲ ಎಣಿಸಿದಂಗ. ಪಾಳಿ ಮುಗಿದ ಮೇಲೆ ಎರಡೂ ಹಾಳೆ ತಾಳೆ ನೋಡೋದು. ಒಂದು ಅಂಕದ ಫರಕು ಇದ್ರೆ ನಡುವಿನದು ಹಿಡಿಯೋದು, ಹೆಚ್ಚಿದ್ರೆ ಮೊಬೈಲ್ ವಿಡಿಯೋ ನೋಡೋದು. ಸಮಯ ನೋಡೋಕೆ ಮೂರನೆಯವ ಬೇರೆ. ಆತ ಅಂಕ ನೋಡಬಾರದು, ಕಣ್ಣು ಗಡಿಯಾರದ ಮೇಲೇ ಇರಬೇಕು.

ಬಹುಮಾನ ರೊಕ್ಕ ಇಟ್ಟಿಲ್ಲ, ಇಡಂಗೂ ಇಲ್ಲ. ಗೆದ್ದ ನಾಯಿಗೆ ಒಂದು ಸಿಂಬಿ, ಆಯಿ ಕೈಯಿಂದ. ಬೆಟ್ಟಿಂಗ್ ಮಾಡಿದವ್ರನ್ನ ಹೊಲದೊಳಗೆ ಬಿಡಂಗಿಲ್ಲ ಅಂತ ಬರೆದಿದೀವಿ. ಬೈಕು, ರೊಕ್ಕ ಇಟ್ರೆ ಹೆಚ್ಚು ನಾಯಿ ಬರ್ತಾವ ಅಂತ ಒಬ್ಬರು ದೊಡ್ಡ ಮಂದಿ ಹೇಳಿದ್ರು. ಬರ್ತಾವ, ಇಲ್ಲ ಅನ್ನಲ್ಲ. ಆದ್ರೆ ಅರ್ಧ ಅಂಕಕ್ಕೇ ಒಂದು ಮರಿ ಕುಂಟಿದ್ದು ನೋಡಿದೀನಿ ನಾನು.

ಈ ನಿಯಮದಲ್ಲಿ ಮೂರು ಸಲ ಆಡಿದ್ವಿ. ಎರಡು ಸಲ ಬಿಜಲಿ ಗೆದ್ಲು, ಒಂದು ಸಲ ಕರಿಯ. ಆ ಸಲ ಕಾಕಾ 46ನೇ ಸೆಕೆಂಡಿಗೆ ಕೈ ಎತ್ತಿದ್ದ. ಬಿಜಲಿಗೆ ಇನ್ನೊಂದು ಓಟ ಆಗ್ತಿತ್ತು ಅಂತ ನನಗೆ ಅನಿಸಿತ್ತು, ಎಲ್ಲರಿಗೂ ಅನಿಸಿತ್ತು. ಹೆಚ್ಚಿನ 1 ಅಂಕ ಸೇರಿಸಿದ್ರೂ ಒಂದು ಅಂಕದಿಂದ ಸೋತ. ಯಾಕ ನಿಲ್ಲಿಸ್ದಿ ಕಾಕಾ ಅಂತ ಕೇಳ್ದೆ. ಬಿಜಲಿಯ ಭುಜದ ಮೇಲೆ ಹಳೇ ಹೊಲಿಗೆಯ ಗುರುತು ಇದೆಯಲ್ಲ, ಅಲ್ಲಿ ಕೈ ಆಡಿಸ್ತಾ ಇದ್ದ. “ಈ ಕಾಲು ಸ್ವಲ್ಪ ಎಳಿಯಾಕತ್ತಿದ್ಲು, ನಿಮಗ ಕಾಣಲಿಲ್ಲ” ಅಂದ. ವಿಡಿಯೋ ನಿಧಾನ ಮಾಡಿ ನೋಡಿದ್ವಿ. ಖರೇನೇ ಎಳೀತಿದ್ಲು.

ಸಣ್ಣ ನಾಯಿಗಳಿಗೆ ಬೇರೆ ವರ್ಗ ಮಾಡಬೇಕು ಅನ್ನೋದು ಇನ್ನೂ ಬಾಕಿ ಇದೆ. ಕರಿಯನ ಎತ್ತರಕ್ಕೂ ಬಿಜಲಿ ಎತ್ತರಕ್ಕೂ 30 ಹೆಜ್ಜೆ ಅಂದ್ರೆ ಒಂದೇ ಅಲ್ಲ. ಗೆರೆ ಹತ್ತಿರ ಹಾಕಬೇಕೋ, ಅಂಕ ಹೆಚ್ಚು ಕೊಡಬೇಕೋ, ನೀವು ಏನಂತೀರಿ ಕಳಿಸ್ರಿ, ವಾಯ್ಸ್ ನೋಟ್ ಆದ್ರೆ ಇನ್ನೂ ಛಲೋ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ನಾಯಿ ಸಾಕಿದವ್ರು ಯಾರಾದ್ರೂ ಆಡಿ ನೋಡೋದಾದ್ರೆ ನಿಯಮದ ಹಾಳೆ ಫೋಟೋ ಹೊಡೆದು ಕಳಿಸ್ತೀನಿ. ಸಿಂಬಿ ಮಾತ್ರ ನಿಮ್ಮ ಮನಿ ಆಯಿ ಕಡೆಯಿಂದ ಮಾಡಿಸ್ಕೊಳ್ರಿ, ನಮ್ಮ ಆಯಿ ಕೈ ನೋವು ಅಂತಾ ಇದಾಳೆ.

ಇನ್ನ ಮಳೆಗಾಲ. ಎರಿ ಹೊಲ ಕೆಸರಾದ್ರೆ ಆಟ ಇಲ್ಲ. ಮತ್ತೆ ಜೋಳ ಕೊಯ್ದ ಮೇಲೆ. ಮುಂದಿನ ಸಲ ಸ್ಟಾಪ್‌ವಾಚ್ ಹಿಡಿಯೋ ಕೆಲಸ ಮರಿ ಗೆಳೆಯನಿಗೆ ಕೊಟ್ಟಿದೀವಿ. ಆತನ ನಾಯಿಗೆ ಆಗ ಒಂದೂವರೆ ವರ್ಷ ತುಂಬಿರುತ್ತೆ. ಆದ್ರೆ ಅದನ್ನ ಆಡಿಸ್ತೀನೋ ಇಲ್ಲೋ ಅಂತ ಆತ ಇನ್ನೂ ಹೇಳಿಲ್ಲ, ನಾನೂ ಕೇಳಿಲ್ಲ.